ನೀರಿಗಿಳಿಯುವ ಮುನ್ನ ಗುರುವನ್ನು ನೋಡಿ

ಪರೀಕ್ಷೆ ಮುಗಿದು ಬೇಸಿಗೆ ರಜೆ ಬಂದೊಡನೆ ಕೆಲವು ಮನೆಗಳಲ್ಲಿ ಹೊಸ ಬೇಡಿಕೆಯೊಂದು ಕೇಳಿಬರುತ್ತದೆ: ‘ಸ್ಕೂಬಾ ಕಲಿಯಲು ಕಳಿಸಿ.’ ಮುರ್ಡೇಶ್ವರದ ಕಡಲತೀರದಿಂದ ಸುಮಾರು 19 ಕಿ.ಮೀ. ದೂರದಲ್ಲಿ ನೇತ್ರಾಣಿ ದ್ವೀಪವಿದೆ. ಆದ್ದರಿಂದ ಕರ್ನಾಟಕದ ಮಕ್ಕಳಿಗೆ ಈ ಆಸೆ ಕೈಗೆಟುಕದ್ದೇನಲ್ಲ. ಶುಲ್ಕ ಎಷ್ಟು, ಫೋಟೊ ತೆಗೆದುಕೊಡುತ್ತಾರೆಯೇ ಎಂದು ವಿಚಾರಿಸುವ ಪೋಷಕರು ಹೇಗೆ ಕಲಿಸುತ್ತಾರೆ ಎಂದು ಕೇಳುವುದು ಕಡಿಮೆ. ಮೊದಲು ಕೇಳಬೇಕಾದದ್ದು ಅದನ್ನೇ.

ಇಲ್ಲಿ ಎರಡು ಬಗೆಗಳಿವೆ. ಒಂದು, ಅರ್ಧ ದಿನದ ‘ಅನುಭವ’. ಇದರಲ್ಲಿ ತರಬೇತುದಾರರೇ ಕೈಹಿಡಿದು ಮೀನು, ಹವಳ ತೋರಿಸಿ ಮೇಲೆ ಕರೆತರುತ್ತಾರೆ. ಈಜು ಬಾರದವರೂ ಹೋಗುವುದುಂಟು. ಆದರೆ ಕೊನೆಯಲ್ಲಿ ಸಿಗುವ ಕಾಗದ ಮುಳುಗುಗಾರನ ಅರ್ಹತಾಪತ್ರವಲ್ಲ. ಇನ್ನೊಂದು, ಮೂರು ನಾಲ್ಕು ದಿನಗಳ ನಿಜವಾದ ಶಿಕ್ಷಣ. ಪಾಡಿ ಸಂಸ್ಥೆಯ ‘ಓಪನ್ ವಾಟರ್’ ಶಿಕ್ಷಣಕ್ಕೆ ಕನಿಷ್ಠ ವಯಸ್ಸು 10 ವರ್ಷ. 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು. ಕೊಳದಲ್ಲೋ ಆಳವಿಲ್ಲದ ನೀರಲ್ಲೋ ಅಭ್ಯಾಸ ಮುಗಿಸಿದ ಮೇಲೆ ಸಮುದ್ರದಲ್ಲಿ ನಾಲ್ಕು ಬಾರಿ ಮುಳುಗಬೇಕು. ಆಳದ ಮಿತಿ 18 ಮೀಟರ್. 10-11 ವರ್ಷದವರಿಗೆ 12 ಮೀಟರ್ ಮಾತ್ರ.

ಇಷ್ಟೆಲ್ಲ ಕಟ್ಟುನಿಟ್ಟು ಏಕೆ? ಕಾರಣ ಭೌತಶಾಸ್ತ್ರದ ಪಾಠದಲ್ಲೇ ಇದೆ. 10 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ಎರಡರಷ್ಟಾಗುತ್ತದೆ. ಅಲ್ಲಿ ಸಿಲಿಂಡರಿನ ಗಾಳಿಯನ್ನು ಎದೆತುಂಬ ಎಳೆದುಕೊಂಡ ಹುಡುಗ ಗಾಬರಿಯಿಂದ ಉಸಿರು ಬಿಗಿಹಿಡಿದು ಮೇಲೇರಿದರೆ, ಬಾಯ್ಲನ ನಿಯಮದಂತೆ ಆ ಗಾಳಿ ಇಮ್ಮಡಿಯಾಗಿ ಹಿಗ್ಗಲು ಹವಣಿಸುತ್ತದೆ. ಶ್ವಾಸಕೋಶ ಹರಿದು ಜೀವಕ್ಕೇ ಸಂಚಕಾರ ಬರಬಹುದು. ಗಾಬರಿಗೆ ದೊಡ್ಡ ಕಾರಣವೇ ಬೇಕಿಲ್ಲ, ಮುಖದ ಮಾಸ್ಕಿನೊಳಗೆ ನೀರು ನುಗ್ಗಿದರೆ ಸಾಕು.

ತರಬೇತಿಯ ಗುಣಮಟ್ಟ ತಿಳಿಯುವುದೂ ಇಲ್ಲಿಯೇ. ಮಾಸ್ಕ್ ತೆಗೆದು ಮತ್ತೆ ಹಾಕಿಕೊಂಡು ನೀರು ಹೊರಹಾಕುವುದು, ಬಾಯಿಂದ ಜಾರಿದ ರೆಗ್ಯುಲೇಟರನ್ನು ಹುಡುಕಿ ಹಿಡಿಯುವುದು, ಗಾಳಿ ಮುಗಿದಾಗ ಜೊತೆಗಾರನ ಎರಡನೆಯ ನಳಿಕೆಯಿಂದ ಉಸಿರಾಡುವುದು, ಇವನ್ನೆಲ್ಲ ಒಂದು ಸಲ ಮಾಡಿ ತೋರಿಸಿ ‘ಆಯಿತು’ ಎನ್ನುವವರು ಒಳ್ಳೆಯ ಗುರುಗಳಲ್ಲ. ವಿದ್ಯಾರ್ಥಿ ತಾನಾಗಿಯೇ, ಗಾಬರಿಯಿಲ್ಲದೆ ಮಾಡುವವರೆಗೆ ಮತ್ತೆ ಮತ್ತೆ ಮಾಡಿಸಬೇಕು. ತಳಕ್ಕೆ ಮಂಡಿಯೂರಿ ಮಾಡಿದರೆ ಸಾಲದು, ನೀರಿನ ನಡುವೆ ತೇಲುತ್ತಲೂ ಮಾಡುವಂತಿರಬೇಕು.

ಆರೋಗ್ಯದ ಪ್ರಶ್ನಾವಳಿಯನ್ನು ಓದದೆ ಸಹಿ ಹಾಕಿಸಿಕೊಳ್ಳುವಲ್ಲಿ ಎಚ್ಚರ ಬೇಕು. ಆಸ್ತಮಾ, ಮೂರ್ಛೆರೋಗ, ಕಿವಿಯ ತೊಂದರೆ ಇದ್ದರೆ ಮೊದಲು ವೈದ್ಯರ ಒಪ್ಪಿಗೆ ಪಡೆಯಬೇಕು. ಕಟ್ಟಿದ ಹಣ ಹೋದೀತೆಂದು ಪೋಷಕರು ಮಗುವಿನ ಉಬ್ಬಸವನ್ನು ಮುಚ್ಚಿಟ್ಟರೆ ತಪ್ಪು ಅವರದೇ.

ಒಬ್ಬ ಗುರುವಿಗೆ ಎಷ್ಟು ಮಂದಿ ಶಿಷ್ಯರು? ಪಾಡಿ ನಿಯಮದಲ್ಲಿ ಸಮುದ್ರದಲ್ಲಿ ಹೆಚ್ಚೆಂದರೆ 8. ನೀರು ಕಲಕಿರುವ ದಿನ ಅದಕ್ಕಿಂತ ಕಡಿಮೆ ಇರಬೇಕು. ದೋಣಿಯಲ್ಲಿ ತುರ್ತು ಆಮ್ಲಜನಕ ಇದೆಯೇ, ಸಿಲಿಂಡರಿನ ಗಾಳಿಗೆ ಎಣ್ಣೆ ಅಥವಾ ಹೊಗೆಯ ವಾಸನೆ ಇದೆಯೇ ಎಂಬುದನ್ನೂ ವಿಚಾರಿಸಬೇಕು. ತರಬೇತುದಾರರ ಸದಸ್ಯತ್ವ ಸಂಖ್ಯೆ ಕೇಳಿ ಪಡೆದು, ಅದು ಚಾಲ್ತಿಯಲ್ಲಿದೆಯೇ ಎಂದು ಸಂಸ್ಥೆಯಲ್ಲಿ ಪರೀಕ್ಷಿಸಿಕೊಳ್ಳುವುದರಲ್ಲಿ ಸಂಕೋಚ ಬೇಡ. ಆದರೆ ಫಲಕದ ಮೇಲೆ ಹೆಸರಾಂತ ಸಂಸ್ಥೆಯ ಗುರುತು ಇದ್ದಮಾತ್ರಕ್ಕೆ ಪಾಠ ಚೆನ್ನಾಗಿರುತ್ತದೆ ಎನ್ನುವಂತಿಲ್ಲ. ಪಠ್ಯ ಒಂದೇ ಆದರೂ ಮೇಷ್ಟರು ಬೇರೆಯಾದರೆ ಪಾಠ ಬೇರೆಯಾಗುವುದು ಶಾಲೆಯಲ್ಲಿ ಎಲ್ಲರೂ ಕಂಡದ್ದೇ.

ಎಲ್ಲಕ್ಕಿಂತ ದೊಡ್ಡ ಗುರುತು, ‘ಇವತ್ತು ಬೇಡ’ ಎನ್ನುವ ಧೈರ್ಯ. ಅಲೆ ಹೆಚ್ಚಿದ್ದರೆ, ಮಗುವಿಗೆ ನೆಗಡಿಯಾಗಿದ್ದರೆ ಅಥವಾ ಕಲಿಕೆ ಇನ್ನೂ ಸಾಲದಾಗಿದ್ದರೆ ಮುಂದೂಡುವ ಗುರು ನಂಬಿಕೆಗೆ ಅರ್ಹ. ‘ನಾಲ್ಕೇ ದಿನ, ಪ್ರಮಾಣಪತ್ರ ಖಾತ್ರಿ’ ಎನ್ನುವವರಿಂದ ದೂರವಿರುವುದು ಲೇಸು.

ತರಬೇತಿ ಮುಗಿಸಿ ಬಂದ ಮಗನನ್ನೋ ಮಗಳನ್ನೋ ಕೂರಿಸಿಕೊಂಡು ನಾಲ್ಕು ಪ್ರಶ್ನೆ ಕೇಳಿ. ಮೇಲೇರುವಾಗ ಉಸಿರು ಏಕೆ ಕಟ್ಟಬಾರದು? ಗಾಳಿ ಎಷ್ಟು ಉಳಿದಾಗ ಹಿಂದಿರುಗಬೇಕು? ಜೊತೆಗಾರ ಕಾಣದಾದರೆ ಏನು ಮಾಡುವೆ? ಹಲವು ಬಾರಿ ಮುಳುಗಿದ ಮೇಲೆ ವಿಮಾನ ಹತ್ತಲು ಕನಿಷ್ಠ 18 ಗಂಟೆ ಏಕೆ ಕಾಯಬೇಕು? ತಡವರಿಸದೆ ಉತ್ತರ ಬಂದರೆ ಕೊಟ್ಟ ಹಣ ಸಾರ್ಥಕ. ‘ಅದನ್ನೆಲ್ಲ ಸರ್ ನೋಡಿಕೊಳ್ಳುತ್ತಾರೆ’ ಎಂಬ ಉತ್ತರ ಬಂದರೆ, ಕೈಯಲ್ಲಿ ಪ್ರಮಾಣಪತ್ರವಿದ್ದರೂ ಕಲಿಕೆ ಇನ್ನೂ ಬಾಕಿಯಿದೆ. ಮತ್ತೆ ನೀರಿಗಿಳಿಯುವ ಮುನ್ನ ಅದನ್ನು ಪೂರೈಸಿಕೊಳ್ಳುವುದು ಒಳಿತು.