ಅಮೆರಿಕದ ಬೆದರುಗೊಂಬೆ ಕಾಯ್ದೆ

ಅಮೆರಿಕದ ಲೋಗನ್ ಕಾಯ್ದೆ ಜಾರಿಗೆ ಬಂದದ್ದು 1799ರ ಜನವರಿ 30ರಂದು. ಅಮೆರಿಕದ ಜತೆ ವಿವಾದವಿರುವ ಪರದೇಶದ ಸರ್ಕಾರದ ಮೇಲೆ ಪ್ರಭಾವ ಬೀರಲು, ಇಲ್ಲವೇ ಅಮೆರಿಕದ ಕ್ರಮಗಳನ್ನು ಕೆಡಿಸಲು, ಅನುಮತಿಯಿಲ್ಲದೆ ಆ ಸರ್ಕಾರದೊಂದಿಗೆ ವ್ಯವಹರಿಸುವ ಪ್ರಜೆಗೆ ಮೂರು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಇಷ್ಟು ಕಾಲದಲ್ಲಿ ದೋಷಾರೋಪ ಹೊರಿಸಿದ್ದು ಎರಡೇ ಸಲ: 1803ರಲ್ಲಿ ಪತ್ರಿಕೆಗೆ ಲೇಖನ ಬರೆದ ಕೆಂಟಕಿಯ ರೈತನ ಮೇಲೆ, 1852ರಲ್ಲಿ ಮೆಕ್ಸಿಕೋ ಅಧ್ಯಕ್ಷರಿಗೆ ಪತ್ರ ಬರೆದ ವ್ಯಾಪಾರಿಯ ಮೇಲೆ. ಶಿಕ್ಷೆ ಒಬ್ಬರಿಗೂ ಆಗಿಲ್ಲ. ಈ ಕಾಯ್ದೆ ರದ್ದಾಗಬೇಕು.

ಅದು ಹುಟ್ಟಿದ್ದೇ ಪಕ್ಷದ ಸಿಟ್ಟಿನಿಂದ. 1798ರಲ್ಲಿ ಫ್ರಾನ್ಸ್ ಅಮೆರಿಕದ ಹಡಗುಗಳನ್ನು ಹಿಡಿಯುತ್ತಿತ್ತು. ಫಿಲಡೆಲ್ಫಿಯಾದ ವೈದ್ಯ ಜಾರ್ಜ್ ಲೋಗನ್ ಯಾರ ಅಪ್ಪಣೆಗೂ ಕಾಯದೆ ಪ್ಯಾರಿಸ್‌ಗೆ ಹೋಗಿ ವಿದೇಶಾಂಗ ಸಚಿವ ತಾಲೇರಾನ್‌ರನ್ನು ಕಂಡರು. ಅದೇ ಹೊತ್ತಿಗೆ ಫ್ರಾನ್ಸ್ ಸೆರೆಯಲ್ಲಿದ್ದ ಅಮೆರಿಕದ ನಾವಿಕರನ್ನು ಬಿಡಲು ಒಪ್ಪಿತು. ಊರಿಗೆ ಮರಳಿದ ಲೋಗನ್, ಪಾದ್ರಿಯೊಬ್ಬರ ಜತೆ ಜಾರ್ಜ್ ವಾಷಿಂಗ್ಟನ್‌ರನ್ನು ಭೇಟಿಯಾದರು. ವಾಷಿಂಗ್ಟನ್ ಪಾದ್ರಿಯ ಕೈ ಕುಲುಕಿ ಕೂರಲು ಹೇಳಿದರು; ಲೋಗನ್ ಚಾಚಿದ ಕೈಯನ್ನು ಹಿಡಿಯಲು ಹಿಂದೆಮುಂದೆ ನೋಡಿದರು. ಆಮೇಲೂ ಮಾತೆಲ್ಲ ಪಾದ್ರಿಯೊಂದಿಗೇ. ಲೋಗನ್‌ಗೆ ಸಿಕ್ಕಿದ್ದು ಹೌದು, ಇಲ್ಲ ಅಷ್ಟೇ. ಇದನ್ನು ಸ್ವತಃ ವಾಷಿಂಗ್ಟನ್ ಬರೆದಿಟ್ಟಿದ್ದಾರೆ. ಆಗ ಅಧಿಕಾರದಲ್ಲಿದ್ದ ಫೆಡರಲಿಸ್ಟ್ ಪಕ್ಷದ ಆ ಮುನಿಸೇ ಎರಡೂವರೆ ತಿಂಗಳಲ್ಲಿ ಕಾನೂನಾಯಿತು. ಲೋಗನ್ ಮುಂದೆ ಸೆನೆಟರ್ ಆದರು. 1810ರಲ್ಲಿ ಸಂಧಾನಕ್ಕೆಂದು ಬ್ರಿಟನ್ನಿಗೂ ಹೋಗಿಬಂದರು. ಅವರದೇ ಹೆಸರಿನ ಕಾಯ್ದೆ ಅವರನ್ನು ಮುಟ್ಟಲಿಲ್ಲ.

ಕಾಯ್ದೆಯ ಭಾಷೆಗೆ ಗಡಿಯೇ ಇಲ್ಲ. ತನಗಾದ ನಷ್ಟಕ್ಕೆ ಪರಿಹಾರ ಕೇಳುವುದಕ್ಕೆ ವಿನಾಯಿತಿ ಉಂಟು, ಬೇರಾವುದಕ್ಕೂ ಇಲ್ಲ. ನ್ಯೂಜೆರ್ಸಿಯಲ್ಲಿ ನೆಲೆಸಿ ಅಮೆರಿಕದ ಪೌರತ್ವ ಪಡೆದ ಕನ್ನಡಿಗರೊಬ್ಬರು ಸುಂಕದ ಜಗಳದಲ್ಲಿ ಮಣಿಯಬೇಡಿ ಎಂದು ದೆಹಲಿಯ ಸಚಿವರಿಗೆ ಇ-ಮೇಲ್ ಕಳಿಸಿದರೂ, ಅಕ್ಷರಕ್ಕೆ ಅಕ್ಷರ ಓದಿದರೆ, ಅಪರಾಧಿಯೇ. ಅದರ ಪದಗಳು ತೀರ ಅಸ್ಪಷ್ಟವೆಂಬ ಸಂದೇಹವನ್ನು 1964ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯವೂ ಎತ್ತಿದೆ.

ದೇಶ ಹೊರಗಿನವರೊಡನೆ ಒಂದೇ ದನಿಯಲ್ಲಿ ಮಾತನಾಡಬೇಕು ಎಂಬುದು ಕಾಯ್ದೆಯ ಪರವಾದ ವಾದ. ವಾದ ಸಣ್ಣದಲ್ಲ. ಆದರೆ ಆ ದನಿಯನ್ನು ನಿಜವಾಗಿ ಕೆಡಿಸಿದಾಗ ಕಾಯ್ದೆ ಎಲ್ಲಿತ್ತು? 1968ರಲ್ಲಿ ವಿಯೆಟ್ನಾಂ ಶಾಂತಿ ಮಾತುಕತೆಯಿಂದ ದೂರವಿರುವಂತೆ ಅಧ್ಯಕ್ಷ ಅಭ್ಯರ್ಥಿ ನಿಕ್ಸನ್ ಪಾಳೆಯ ತನ್ನ ಬೆಂಬಲಿಗರಾದ ಆ್ಯನಾ ಶೆನಾಲ್ಟ್ ಮೂಲಕ ಸೈಗಾನ್‌ನ ದಕ್ಷಿಣ ವಿಯೆಟ್ನಾಂ ಸರ್ಕಾರಕ್ಕೆ ಸುದ್ದಿ ಮುಟ್ಟಿಸಿತು. ಅಧ್ಯಕ್ಷ ಜಾನ್ಸನ್‌ಗೆ ವಿಷಯ ಗೊತ್ತಿತ್ತು, ಮೊಕದ್ದಮೆ ಹೂಡಲಿಲ್ಲ. 2016ರ ಡಿಸೆಂಬರ್‌ನಲ್ಲಿ ರಷ್ಯಾದ ರಾಯಭಾರಿಯೊಡನೆ ನಿರ್ಬಂಧಗಳ ಬಗ್ಗೆ ಮಾತಾಡಿದ, ಅಧಿಕಾರಕ್ಕೆ ಬರಲಿದ್ದ ತಂಡದ ಮೈಕೆಲ್ ಫ್ಲಿನ್ ತಪ್ಪೊಪ್ಪಿಕೊಂಡದ್ದು ಎಫ್‌ಬಿಐಗೆ ಸುಳ್ಳು ಹೇಳಿದ್ದಕ್ಕೆ, ಲೋಗನ್ ಕಾಯ್ದೆಯಡಿ ಅಲ್ಲ. 2015ರಲ್ಲಿ ಇರಾನ್‌ಗೆ ಬಹಿರಂಗ ಪತ್ರ ಬರೆದ 47 ಸೆನೆಟರ್‌ಗಳ ಮೇಲೆ ಒಂದು ಪಕ್ಷ, ಮುಂದೆ ಇರಾನ್ ವಿದೇಶಾಂಗ ಸಚಿವರನ್ನು ಭೇಟಿಯಾದ ಅಮೆರಿಕದ ಮಾಜಿ ವಿದೇಶಾಂಗ ಸಚಿವ ಜಾನ್ ಕೆರಿ ಮೇಲೆ ಇನ್ನೊಂದು ಪಕ್ಷ ಇದೇ ಕಾಯ್ದೆಯನ್ನು ಝಳಪಿಸಿದವು.

ಅಭ್ಯರ್ಥಿಗಳು ಮತ್ತು ಅಧಿಕಾರಕ್ಕೆ ಬರಲಿರುವ ತಂಡದವರು ಪರದೇಶದೊಂದಿಗೆ ಗುಟ್ಟಾಗಿ ಕುದುರಿಸುವ ಒಪ್ಪಂದಗಳನ್ನಷ್ಟೇ ಹೆಸರಿಸುವ, ಅಂಥ ಭೇಟಿಗಳ ವಿವರವನ್ನು ಇಂತಿಷ್ಟು ದಿನದೊಳಗೆ ಸಲ್ಲಿಸಬೇಕೆನ್ನುವ ಚಿಕ್ಕ ಕಾನೂನನ್ನು ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಲೋಗನ್ ಕಾಯ್ದೆಯ ಜಾಗದಲ್ಲಿ ತರಬಹುದು. ಪತ್ರ ಬರೆಯುವ ಸಾಮಾನ್ಯ ಪ್ರಜೆ ಅದರ ವ್ಯಾಪ್ತಿಗೆ ಬರಕೂಡದು.