ಮಳೆಗಾಲದ ಅಂಡಮಾನಿಗೆ ಎರಡು ದಿನದ ಬುತ್ತಿ

ಪರೀಕ್ಷೆ ಮುಗಿದು ರಜೆ ಶುರುವಾಯಿತೆಂದರೆ ಮನೆಮನೆಯಲ್ಲೂ ಪ್ರವಾಸದ ಮಾತು. ಅಜ್ಜಿಯ ಊರು, ಮೈಸೂರು, ಊಟಿ ಎಲ್ಲ ಆಯಿತು, ಈ ಸಲ ಅಂಡಮಾನ್ ಎಂದು ಮಕ್ಕಳು ಹಟ ಹಿಡಿಯುತ್ತಾರೆ. ಅಪ್ಪನಿಗೆ ಕಚೇರಿಯಲ್ಲಿ ರಜೆ ಸಿಗುವುದು ಮೇ ಕೊನೆಗೆ. ಟ್ರಾವೆಲ್ಸ್‌ನವರು "ಈಗ ಆಫ್ ಸೀಸನ್, ಹೋಟೆಲ್ ಅಗ್ಗ" ಎನ್ನುತ್ತಾರೆ. ಆಫ್ ಸೀಸನ್ ಏಕೆ ಎಂದು ಕೇಳಿದರೆ "ಸ್ವಲ್ಪ ಮಳೆ ಇರುತ್ತೆ, ಅಷ್ಟೇ" ಎಂಬ ಉತ್ತರ. ಆ "ಅಷ್ಟೇ" ಎಂಬ ಮಾತಿನೊಳಗೆ ಏನೇನು ಅಡಗಿದೆ ಎಂಬುದನ್ನು ಹಣ ಕಟ್ಟುವ ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು.

ಮಳೆಗಾಲದಲ್ಲಿ ಅಂಡಮಾನಿಗೆ ಹೋಗಲೇಬಾರದೆಂದು ನಾನು ಹೇಳುವುದಿಲ್ಲ. ಹೋಗಬಹುದು, ನೋಡುವುದಕ್ಕೂ ಬೇಕಾದಷ್ಟಿದೆ. ಆದರೆ ಒಂದು ಷರತ್ತು. ಬಟ್ಟೆಬರೆಯ ಜೊತೆಗೆ ಎರಡು ದಿನಗಳನ್ನೂ ಬುತ್ತಿಯ ಹಾಗೆ ಕಟ್ಟಿಕೊಂಡು ಹೋಗಬೇಕು. ಏಕೆಂದು ವಿವರವಾಗಿ ನೋಡೋಣ.

ನಮಗಿಂತ ಮೊದಲು ಅಲ್ಲಿ ಮಳೆ

ನೈಋತ್ಯ ಮಾರುತ ಕೇರಳಕ್ಕೆ ಕಾಲಿಡುವುದು ಸಾಮಾನ್ಯವಾಗಿ ಜೂನ್ 1ರ ಸುಮಾರಿಗೆ. ಅಂಡಮಾನಿಗೆ ಅದು ಇನ್ನೂ ಮೊದಲೇ, ಮೇ ಮೂರನೆಯ ವಾರದ ಹೊತ್ತಿಗೆ ಬಂದಿರುತ್ತದೆ. ನಾವಿಲ್ಲಿ ಮಾವಿನಹಣ್ಣು ತಿನ್ನುತ್ತಾ ಸೆಖೆ ಎಂದು ಗೊಣಗುತ್ತಿರುವಾಗ ಅಲ್ಲಿ ಮಳೆ ಹಿಡಿದುಕೊಂಡಿರುತ್ತದೆ. ಸೆಪ್ಟೆಂಬರಿಗೆ ಮುಗಿಯಿತು ಎನ್ನುವಂತೆಯೂ ಇಲ್ಲ. ಬೆನ್ನಹಿಂದೆಯೇ ಈಶಾನ್ಯ ಮಾರುತದ ಸರದಿ. ಅದು ಡಿಸೆಂಬರ್‌ವರೆಗೂ ಎಳೆಯುತ್ತದೆ. ಎರಡೂ ಸೇರಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ. ಬೆಂಗಳೂರಿಗೆ ವರ್ಷವಿಡೀ ಬೀಳುವ ಮಳೆಯ ಸುಮಾರು ಮೂರರಷ್ಟು. ಒಣಹವೆ ಎಂದು ಧೈರ್ಯವಾಗಿ ಹೇಳಬಹುದಾದದ್ದು ಜನವರಿಯಿಂದ ಏಪ್ರಿಲ್‌ವರೆಗಿನ ನಾಲ್ಕು ತಿಂಗಳು ಮಾತ್ರ.

ಈಗ ನಮ್ಮ ಶಾಲೆಗಳ ರಜೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಬೇಸಿಗೆ ರಜೆಯ ಕೊನೆಯ ಭಾಗವೂ ಮಳೆಯಲ್ಲಿ, ದಸರಾ ರಜೆಯೂ ಮಳೆಯಲ್ಲಿ. ಜನವರಿ, ಫೆಬ್ರುವರಿಯಲ್ಲಿ ಹೋಗೋಣವೆಂದರೆ ತರಗತಿ, ಟ್ಯೂಷನ್ನು, ಪೂರ್ವಸಿದ್ಧತಾ ಪರೀಕ್ಷೆ. ಹಾಗಾಗಿ ಮಕ್ಕಳಿರುವ ಮನೆಯವರಿಗೆ ಬಹಳಷ್ಟು ಸಲ ಮಳೆಗಾಲದ ಅಂಡಮಾನೇ ಗತಿ.

ಹೆದರಬೇಕಾದದ್ದು ಗಾಳಿಗೆ

ಮಲೆನಾಡಿನ, ಕರಾವಳಿಯ ಮಕ್ಕಳಿಗೆ ಮಳೆಯ ಹೆದರಿಕೆ ಹೇಳಿದರೆ ನಕ್ಕಾರು. ನೆನೆದರೆ ತಲೆ ಒರೆಸಿಕೊಂಡರಾಯಿತು. ದ್ವೀಪದಲ್ಲಿ ತೊಂದರೆ ಕೊಡುವುದು ಮಳೆಯ ಜೊತೆಗೆ ಬರುವ ಗಾಳಿ, ಆ ಗಾಳಿ ಎಬ್ಬಿಸುವ ಅಲೆ. ನಮ್ಮಲ್ಲಿ ಒಂದು ರಸ್ತೆ ಕುಸಿದರೆ ಇನ್ನೊಂದು ರಸ್ತೆಯಿಂದ ಸುತ್ತಿ ಬರಬಹುದು. ದ್ವೀಪದಲ್ಲಿ ರಸ್ತೆ ದೋಣಿಕಟ್ಟೆಗೆ ಬಂದು ನಿಲ್ಲುತ್ತದೆ. ಮುಂದೆ ಹಡಗು ಹೊರಟರೆ ಉಂಟು, ಇಲ್ಲವಾದರೆ ಇಲ್ಲ.

ಅಂಡಮಾನಿನ ರಾಜಧಾನಿ ಪೋರ್ಟ್ ಬ್ಲೇರ್. 2024ರಲ್ಲಿ ಅದಕ್ಕೆ ಶ್ರೀ ವಿಜಯಪುರಂ ಎಂದು ಹೊಸ ಹೆಸರು ಬಂದಿದೆ. ಪ್ರವಾಸಿಗರು ಹೆಚ್ಚಾಗಿ ಹೋಗುವ ಹ್ಯಾವ್ಲಾಕ್ ಮತ್ತು ನೀಲ್ ದ್ವೀಪಗಳಿಗೆ 2018ರಿಂದ ಸ್ವರಾಜ್ ದ್ವೀಪ, ಶಹೀದ್ ದ್ವೀಪ ಎಂಬ ಹೆಸರು. ಅಲ್ಲಿಗೆ ಹಡಗಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ಹವಾಮಾನ ಇಲಾಖೆಯಿಂದ ಎಚ್ಚರಿಕೆ ಬಂದರೆ ಹಡಗು ಹೊರಡುವುದಿಲ್ಲ. ಒಂದು ದಿನ ನಿಲ್ಲಬಹುದು, ಮೂರು ದಿನವೂ ನಿಲ್ಲಬಹುದು.

2016ರ ಡಿಸೆಂಬರ್ ಮೊದಲ ವಾರದಲ್ಲಿ ಹೀಗೆಯೇ ಆಯಿತು. ಹತ್ತಿರದ ಕಡಲಿನಲ್ಲಿ ವಾಯುಭಾರ ಕುಸಿದು, ಬಿರುಗಾಳಿ ಮಳೆ ಸುರಿದು, ಈ ಎರಡು ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಕೊಂಡರು. ಕೊನೆಗೆ ನೌಕಾಪಡೆಯ ಹಡಗುಗಳು ಹೋಗಿ ಅವರನ್ನು ಕರೆತರಬೇಕಾಯಿತು. ಅದೇ ವ್ಯವಸ್ಥೆ ಮುಂದೆ ಬೆಳೆದು ವರ್ದಾ ಚಂಡಮಾರುತವಾಗಿ ಡಿಸೆಂಬರ್ 12ರಂದು ಚೆನ್ನೈಗೆ ಅಪ್ಪಳಿಸಿತು. ಡಿಸೆಂಬರೆಂದರೆ ಪ್ರವಾಸಕ್ಕೆ ಒಳ್ಳೆಯ ಕಾಲವೆಂದು ಜನ ಹೋಗುವ ತಿಂಗಳು ಎಂಬುದನ್ನು ನೆನಪಿಡಿ. 2013ರ ನವೆಂಬರ್ 25ರಂದು ಲೆಹರ್ ಚಂಡಮಾರುತ ಪೋರ್ಟ್ ಬ್ಲೇರ್ ಹತ್ತಿರವೇ ದಾಟಿ ಹೋಗಿತ್ತು. ಮಳೆ ಶುರುವಾಗುವ ಮೇ ತಿಂಗಳು, ಮಳೆ ಮಗ್ಗುಲು ಬದಲಿಸುವ ಅಕ್ಟೋಬರ್, ನವೆಂಬರ್, ಡಿಸೆಂಬರ್ - ಬಂಗಾಳಕೊಲ್ಲಿಯಲ್ಲಿ ಚಂಡಮಾರುತ ಏಳುವುದು ಹೆಚ್ಚಾಗಿ ಈ ಕಾಲದಲ್ಲೇ.

ಎರಡು ದಿನದ ಲೆಕ್ಕ

ಬುತ್ತಿಯ ಮಾತು ಈಗ ಅರ್ಥವಾದೀತು. ಐದು ದಿನದ ಪ್ರವಾಸಕ್ಕೆ ಐದು ದಿನವನ್ನೇ ಇಟ್ಟುಕೊಂಡು ಹೊರಟರೆ ಒಂದು ಹಡಗು ತಪ್ಪಿದ ಕೂಡಲೇ ವಿಮಾನ ತಪ್ಪುತ್ತದೆ. ಹಿಂದೆಯೇ ಹೋಟೆಲು, ಕಚೇರಿ, ಶಾಲೆ ಎಲ್ಲದರ ಲೆಕ್ಕ ತಪ್ಪುತ್ತದೆ. ಏಳು ದಿನ ಇಟ್ಟುಕೊಂಡರೆ ಹಡಗು ನಿಂತ ದಿನವೂ ಪ್ರವಾಸದ ಒಂದು ದಿನವೇ ಆಗುತ್ತದೆ.

ದಿನಗಳನ್ನು ಜೋಡಿಸುವುದರಲ್ಲೂ ಒಂದು ಉಪಾಯವಿದೆ. ಅನೇಕರು ಮೊದಲು ಪೋರ್ಟ್ ಬ್ಲೇರ್ ನೋಡಿ, ದೂರದ ದ್ವೀಪವನ್ನು ಕೊನೆಗಿಟ್ಟುಕೊಂಡು, ಅಲ್ಲಿಂದ ಬಂದವರೇ ನೇರ ವಿಮಾನ ನಿಲ್ದಾಣಕ್ಕೆ ಓಡುತ್ತಾರೆ. ಮಳೆಗಾಲದಲ್ಲಿ ಇದನ್ನು ತಿರುವಿ ಹಾಕಿ. ದೂರದ ದ್ವೀಪಕ್ಕೆ ಮೊದಲು ಹೋಗಿ ಬನ್ನಿ. ವಿಮಾನದ ದಿನಕ್ಕೆ ಎರಡು ರಾತ್ರಿ ಮೊದಲೇ ಪೋರ್ಟ್ ಬ್ಲೇರಿಗೆ ಮರಳಿರಿ. ಜೈಲು, ವಸ್ತುಸಂಗ್ರಹಾಲಯ ಎಲ್ಲಿಗೂ ಓಡಿಹೋಗುವುದಿಲ್ಲ. ಹಡಗು ರದ್ದಾದರೆ ಹಣ ಮರಳಿ ಬರುವುದೋ, ಬೇರೆ ದಿನದ ಟಿಕೆಟ್ಟು ಕೊಡುವರೋ ಎಂಬುದನ್ನು ಮುಂಗಡ ಕೊಡುವಾಗಲೇ ಕೇಳಿ, ಬರಹದಲ್ಲಿ ಪಡೆಯಿರಿ.

ಪಿಯುಸಿ ಮುಗಿಸಿದ ಮಕ್ಕಳ ತಂದೆತಾಯಿಗಳಿಗೆ ಇನ್ನೊಂದು ಮಾತು. ಸಿಇಟಿಯ ದಾಖಲೆ ಪರಿಶೀಲನೆ, ಸೀಟು ಆಯ್ಕೆ, ಕಾಲೇಜಿಗೆ ಶುಲ್ಕ ಕಟ್ಟುವ ಕೊನೆಯ ದಿನ - ಇಂಥ ಯಾವುದಾದರೂ ದಿನಾಂಕ ನೀವು ಹಿಂತಿರುಗಿದ ಒಂದು ವಾರದೊಳಗೆ ಬೀಳುವಂತಿದ್ದರೆ ಪ್ರವಾಸವನ್ನು ಮುಂದೂಡಿ. ಎರಡು ವರ್ಷ ಓದಿದ ಹುಡುಗಿಯ ಸೀಟು ಗಾಳಿಯ ದಿಕ್ಕಿನ ಮೇಲೆ ನಿಲ್ಲಬಾರದು.

ಪೂರ್ವದ ದಡ, ಪಶ್ಚಿಮದ ದಡ

ಮಕ್ಕಳೇ, ನಿಮ್ಮ ಭೂಗೋಳದ ಪಾಠ ಇಲ್ಲಿ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಸ್ವರಾಜ್ ದ್ವೀಪದ ಹೆಸರುವಾಸಿ ರಾಧಾನಗರ ಕಡಲತೀರ ಇರುವುದು ಪಶ್ಚಿಮಕ್ಕೆ ಮುಖ ಮಾಡಿ. ಜೂನ್, ಜುಲೈಯ ನೈಋತ್ಯದ ಗಾಳಿ ಬಂದು ಬಡಿಯುವುದು ಆ ಮಗ್ಗುಲಿಗೆ. ಚಿತ್ರಗಳಲ್ಲಿ ಕನ್ನಡಿಯಂತೆ ಮಲಗಿರುವ ನೀರು ಆಗ ಕೆರಳಿ ನಿಂತಿರುತ್ತದೆ. ಅದೇ ಹೊತ್ತಿನಲ್ಲಿ ದ್ವೀಪದ ಪೂರ್ವಕ್ಕಿರುವ ವಿಜಯನಗರ, ಕಾಲಾಪತ್ಥರ್ ತೀರಗಳಲ್ಲಿ ಅಲೆ ಕಡಿಮೆ, ದ್ವೀಪವೇ ಗಾಳಿಗೆ ಅಡ್ಡ ನಿಂತಿರುತ್ತದೆ. ಈಶಾನ್ಯ ಮಾರುತ ಬಂದಾಗ ಪೂರ್ವದ ಮಗ್ಗುಲಿಗೆ ಗಾಳಿಯ ಹೊಡೆತ. ಹೋಗುವ ಮೊದಲು ನಕ್ಷೆ ಬಿಡಿಸಿ, ಬಾಣ ಹಾಕಿ, ಯಾವ ತಿಂಗಳಲ್ಲಿ ಯಾವ ದಡ ಒರಟು ಎಂದು ನೀವೇ ಗುರುತಿಸಿಕೊಳ್ಳಿ.

ಆದರೂ ಮಳೆಗಾಲದಲ್ಲಿ ನೀರಿಗಿಳಿಯುವ ಆಸೆ ಬೇಡ. ದಡಕ್ಕೆ ಬಂದ ನೀರು ಒಂದೇ ಕಡೆಯಿಂದ ರಭಸವಾಗಿ ಹಿಂದಕ್ಕೆ ಹರಿಯುವ ಸೆಳೆತ ಮೇಲಿನಿಂದ ನೋಡಿದರೆ ತಿಳಿಯುವುದಿಲ್ಲ. ಈಜು ಬಲ್ಲವರನ್ನೂ ಅದು ಒಳಕ್ಕೆ ಎಳೆಯುತ್ತದೆ. ಅಕಸ್ಮಾತ್ ಸಿಕ್ಕಿಬಿದ್ದರೆ ದಡದ ಕಡೆಗೇ ಹೆಣಗಿ ಸುಸ್ತಾಗಬಾರದು. ಕೈಯೆತ್ತಿ ಸಹಾಯಕ್ಕೆ ಕೂಗಿ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬರಬೇಕು. ಕೊಲ್ಲಿ, ತೊರೆಗಳ ಬಾಯಲ್ಲಿ ಉಪ್ಪುನೀರಿನ ಮೊಸಳೆಗಳಿರುತ್ತವೆ. 2010ರಲ್ಲಿ ಹ್ಯಾವ್ಲಾಕ್‌ನಲ್ಲಿ ವಿದೇಶಿ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾದರು. ಎಚ್ಚರಿಕೆ ಫಲಕವಿರುವಲ್ಲಿ ಫೋಟೋ ತೆಗೆಸಿಕೊಳ್ಳಲೂ ನೀರಿನ ಅಂಚಿಗೆ ಹೋಗಬೇಡಿ.

ಹೊತ್ತಿನ ಲೆಕ್ಕವೂ ಬೇರೆ. ಬೆಂಗಳೂರು ಸುಮಾರು 77.6 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ಪೋರ್ಟ್ ಬ್ಲೇರ್ 92.7ರಲ್ಲಿ. ವ್ಯತ್ಯಾಸ 15 ಡಿಗ್ರಿ. 15 ಡಿಗ್ರಿಗೆ ಒಂದು ಗಂಟೆಯೆಂದು ನೀವು ಓದಿದ್ದೀರಲ್ಲವೆ? ಗಡಿಯಾರ ಎರಡೂ ಕಡೆ ಒಂದೇ, ಆದರೆ ಸೂರ್ಯ ಅಲ್ಲಿಗೆ ಒಂದು ಗಂಟೆ ಮೊದಲೇ ಬರುತ್ತಾನೆ. ಮೇ ಕೊನೆಯಲ್ಲಿ ಬೆಳಗಿನ ಐದರ ಹೊತ್ತಿಗೇ ಸೂರ್ಯೋದಯ. ಸಂಜೆ ಐದೂವರೆ ದಾಟಿದರೆ ಮುಳುಗಿದ. ಮೋಡ ಕವಿದಿದ್ದರೆ ಕತ್ತಲೆ ಇನ್ನೂ ಬೇಗ. ಐದಕ್ಕೇ ಎದ್ದು ಹೊರಡುವವರಿಗೆ ಮಾತ್ರ ಅಲ್ಲಿ ದಿನ ಸಾಕಾಗುತ್ತದೆ.

ಹಡಗು ನಿಂತ ದಿನ

ಹಡಗು ಹೋಗುವುದಿಲ್ಲವೆಂದಾಗ ನೀವು ಪೋರ್ಟ್ ಬ್ಲೇರಿನಲ್ಲಿದ್ದರೆ ಮಕ್ಕಳಿಗೆ ಅದು ದಂಡವಾಗಬೇಕಿಲ್ಲ. ಮಾನವಶಾಸ್ತ್ರ ವಸ್ತುಸಂಗ್ರಹಾಲಯವಿದೆ, ನೌಕಾಪಡೆಯವರು ನಡೆಸುವ ಸಮುದ್ರಿಕಾ ಇದೆ, 1883ರಿಂದ ಇರುವ ಚಾಥಮ್ ಸಾಮಿಲ್ ಇದೆ. ಎಲ್ಲಕ್ಕಿಂತ ಮುಖ್ಯವಾಗಿ ಸೆಲ್ಯುಲರ್ ಜೈಲು. 1896ರಿಂದ 1906ರವರೆಗೆ ಕಟ್ಟಿದ್ದು. ನಡುವಿನ ಗೋಪುರದಿಂದ ಗಾಲಿಯ ಅರಗಳಂತೆ ಏಳು ಸಾಲುಗಳಿದ್ದವು. ಈಗ ಉಳಿದಿರುವುದು ಮೂರು. ಒಬ್ಬರ ಮುಖ ಒಬ್ಬರಿಗೆ ಕಾಣದಂತೆ ಸುಮಾರು 700 ಒಂಟಿ ಕೋಣೆಗಳು. 1979ರಲ್ಲಿ ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಲಾಯಿತು. ಮಳೆ ಹೊಯ್ಯುವ ದಿನ ಅದರ ಮೇಲಂತಸ್ತಿನಿಂದ ಕಡಲನ್ನು ತೋರಿಸಿ. ಬ್ರಿಟಿಷರು ಕೈದಿಗಳನ್ನಿಡಲು ಈ ಜಾಗವನ್ನು ಏಕೆ ಆರಿಸಿದರೆಂದು, ಇದಕ್ಕೆ ಕಾಲಾಪಾನಿ ಎಂಬ ಹೆಸರು ಏಕೆ ಬಂತೆಂದು ಆಗ ಬೇರೆ ವಿವರಣೆ ಬೇಕಾಗುವುದಿಲ್ಲ.

ಕಡಲಿನ ಹವಳ ನೋಡುವವರಿಗೂ ಒಂದು ವಿಷಯ. ವಂಡೂರಿನ ಮಹಾತ್ಮಾ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದಲ್ಲಿ ಒಣಕಾಲಕ್ಕೆ ಜಾಲಿ ಬಾಯ್ ದ್ವೀಪ, ಮಳೆಗಾಲಕ್ಕೆ ರೆಡ್ ಸ್ಕಿನ್ ದ್ವೀಪ ಎಂದು ಸರದಿಯ ಮೇಲೆ ತೆರೆಯುತ್ತಾರೆ. ನಾವು ಹೊಲವನ್ನು ಬೀಳು ಬಿಟ್ಟ ಹಾಗೆ ಅದು. ಜನರ ಕಾಲು, ದೋಣಿಯ ಲಂಗರು ತಾಗದ ಆರು ತಿಂಗಳಲ್ಲಿ ಹವಳಕ್ಕೆ ವಿಶ್ರಾಂತಿ. ಮಳೆ ಜೋರಾದಾಗ ಮಣ್ಣು ಕಲೆತು ನೀರು ಕದಡಿರುತ್ತದೆ, ಹವಳ ಅಷ್ಟು ಚೆನ್ನಾಗಿ ಕಾಣದಿರಬಹುದು. ಅದಕ್ಕೆ ದೋಣಿಯವನನ್ನು ಬೈದು ಪ್ರಯೋಜನವಿಲ್ಲ.

ಮಳೆ ಬಂದರೆ ಕೇಡಲ್ಲ

ಇನ್ನು ಆ ದ್ವೀಪದವರ ಕಣ್ಣಿನಿಂದ ಒಮ್ಮೆ ಮಳೆಯನ್ನು ನೋಡೋಣ. ಸುತ್ತ ಎಲ್ಲಿ ನೋಡಿದರೂ ನೀರು, ಕುಡಿಯಲು ಒಂದು ಹನಿಯೂ ಬಾರದು. ನಮ್ಮ ಕಾವೇರಿ, ತುಂಗಭದ್ರೆಯಂಥ ನದಿ ಅಲ್ಲಿಲ್ಲ. ಉತ್ತರ ಅಂಡಮಾನಿನ ಕಲ್ಪಾಂಗ್ ಬಿಟ್ಟರೆ ಉಳಿದವೆಲ್ಲ ಚಿಕ್ಕ ತೊರೆಗಳು. ಸುರಿದ ಮಳೆ ಬೇಗ ಕಡಲು ಸೇರಿಬಿಡುತ್ತದೆ. ಪೋರ್ಟ್ ಬ್ಲೇರಿಗೆ ಮುಖ್ಯವಾಗಿ ಧನಿಖಾರಿ ಅಣೆಕಟ್ಟಿನ ನೀರೇ ಆಸರೆ. ಮಳೆ ತಡವಾದರೆ ಬೇಸಿಗೆಯಲ್ಲಿ ನಲ್ಲಿಗೆ ದಿನ ಬಿಟ್ಟು ದಿನ ಕಾಯುವ ಪಾಡು ಅಲ್ಲಿಯವರಿಗೆ ಹೊಸದಲ್ಲ. ಜನವರಿಯ ಬಿಸಿಲಿನಲ್ಲಿ ಹೋದ ಪ್ರವಾಸಿಗರು ಹೋಟೆಲಿನಲ್ಲಿ ಸ್ನಾನ ಮಾಡುವುದು ಹಿಂದಿನ ಮಳೆಗಾಲ ತುಂಬಿಟ್ಟ ನೀರಿನಲ್ಲಿ. "ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ" ಎಂದ ನಮ್ಮ ಹಿರಿಯರ ಮಾತು ಆ ದ್ವೀಪಕ್ಕೂ ಸಲ್ಲುತ್ತದೆ.

ನಮ್ಮ ಕರಾವಳಿಯವರಿಗೂ ಈ ಪಾಠ ಗೊತ್ತು. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಮೀನು ಮರಿಮಾಡುವ ಕಾಲ ಎಂಬುದು ಒಂದು ಕಾರಣ, ಕಡಲು ಒರಟಾಗಿರುತ್ತದೆ ಎಂಬುದು ಇನ್ನೊಂದು. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳೂ ಮಳೆಗಾಲದಲ್ಲಿ ನಿಲ್ಲುತ್ತವೆ. ಅದನ್ನು ಯಾರೂ ಅವಮಾನವೆಂದು ತಿಳಿಯುವುದಿಲ್ಲ. ಆದರೆ ಅದೇ ನಾವು ಪ್ರವಾಸಿಗರಾಗಿ ಹೋದಾಗ, "ಹಣ ಕಟ್ಟಿದ್ದೇವೆ, ಬಿಡಿ ದೋಣಿ" ಎಂದು ಕಟ್ಟೆಯ ಮೇಲೆ ನಿಂತು ಜಗಳ ತೆಗೆಯುತ್ತೇವೆ. ಹತ್ತು ಜನ ಹೀಗೆ ಒತ್ತಾಯಿಸಿದರೆ ಹೊರಡಲು ಒಪ್ಪುವ ಚಿಕ್ಕ ದೋಣಿಯವನೊಬ್ಬ ಸಿಕ್ಕೇ ಸಿಗುತ್ತಾನೆ. ಅನಾಹುತಗಳ ಮೊದಲ ಹೆಜ್ಜೆ ಅದೇ. ಪಕ್ಕದಲ್ಲಿ ನಿಂತ ಮಗು ಅಪ್ಪ ಅಮ್ಮನ ಮುಖವನ್ನೇ ನೋಡುತ್ತಿರುತ್ತದೆ. "ಇವತ್ತು ಬೇಡವಂತೆ, ನಾಳೆ ನೋಡೋಣ" ಎಂದು ನೀವು ಸಮಾಧಾನವಾಗಿ ಹೇಳಿದರೆ ಮಗು ಅದನ್ನೇ ಕಲಿಯುತ್ತದೆ.

ಹೊರಡುವವರಿಗೆ ಕೊನೆಯದಾಗಿ ಒಂದಿಷ್ಟು ಸಾಮಾನಿನ ಪಟ್ಟಿ. ಗಾಳಿಗೆ ಕೊಡೆ ನಿಲ್ಲುವುದಿಲ್ಲ, ರೇನ್‌ಕೋಟ್ ಇರಲಿ. ಬೇಗ ಒಣಗುವ ಬಟ್ಟೆ, ಜಾರದ ಚಪ್ಪಲಿ, ಸೊಳ್ಳೆಗೆ ಹಚ್ಚುವ ಮುಲಾಮು, ಓಆರ್‌ಎಸ್ ಪೊಟ್ಟಣ. ಹಡಗಿನ ತೊಯ್ದಾಟಕ್ಕೆ ವಾಂತಿಯಾಗುವವರು ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಿ. ಅಜ್ಜ ಅಜ್ಜಿ ಜೊತೆಗಿದ್ದರೆ ಅವರ ನಿತ್ಯದ ಔಷಧಿ ಒಂದು ವಾರಕ್ಕೆ ಹೆಚ್ಚಾಗಿಯೇ ಇರಲಿ. ಚಿಕ್ಕ ದ್ವೀಪಗಳಲ್ಲಿ ಎಲ್ಲ ಮಾತ್ರೆಯೂ ಸಿಗುವುದಿಲ್ಲ. 2020ರಲ್ಲಿ ಚೆನ್ನೈಯಿಂದ ಸಮುದ್ರದಡಿ ಕೇಬಲ್ ಎಳೆದ ಮೇಲೆ ಫೋನು, ಇಂಟರ್ನೆಟ್ ಸುಧಾರಿಸಿದೆ, ಆದರೂ ಬಿರುಗಾಳಿಯ ದಿನ ಫೋನನ್ನೇ ನಂಬದೆ ಕೈಯಲ್ಲಿ ಸ್ವಲ್ಪ ನಗದು ಇಟ್ಟುಕೊಳ್ಳಿ. ಎರಡು ಕಥೆಪುಸ್ತಕ, ಒಂದು ಚೌಕಾಬಾರದ ಹಾಸು ಮರೆಯಬೇಡಿ.

ಎರಡು ದಿನ ಹೆಚ್ಚಿಗೆ ಹೊಂದಿಸಲು ಸಾಧ್ಯವೇ ಇಲ್ಲ ಎನ್ನುವವರು ಏಪ್ರಿಲ್ ಮಧ್ಯದಿಂದ ಮೇ ಮೊದಲ ವಾರದೊಳಗೆ ಹೋಗಿ ಬನ್ನಿ. ಆಗ ಸೆಖೆ ಇರುತ್ತದೆ, ಹೋಟೆಲು ಸ್ವಲ್ಪ ದುಬಾರಿಯೂ ಆದೀತು. ಆದರೆ ಅಲ್ಲಿಯವರ ನೀರು ಕಡಿಮೆಯಾಗಿರುವ ಕಾಲ ಅದು. ಸ್ನಾನಕ್ಕೆ ಒಂದು ಬಕೆಟ್ ಸಾಕೆಂದು ಮಕ್ಕಳಿಗೆ ಹೇಳಿಯೇ ಕರೆದುಕೊಂಡು ಹೋಗಿ.