ಸಮೀಪದ ಊರೋ, ಸರಿಯಾದ ಊರೋ?

ಸರಕು ಹೊತ್ತ ಲಾರಿ ಎಲ್ಲಿದೆಯೆಂಬುದನ್ನು ಜಿಪಿಎಸ್ ಸಾಧನವು ಅಕ್ಷಾಂಶ, ರೇಖಾಂಶಗಳೆಂಬ ಎರಡು ಸಂಖ್ಯೆಗಳಲ್ಲಿ ತಿಳಿಸುತ್ತದೆ. ಅವುಗಳಿಗೆ ಊರಿನ ಹೆಸರು ಕೊಡುವುದು ತಂತ್ರಾಂಶದ ಕೆಲಸ. ಸರಳ ತಂತ್ರಾಂಶವು ಪ್ರತಿ ಊರಿಗೂ ನಕ್ಷೆಯಲ್ಲಿ ಒಂದು ಬಿಂದುವನ್ನಿಟ್ಟು, ಅತಿ ಸಮೀಪದ ಬಿಂದುವಿನ ಹೆಸರನ್ನೇ ಬರೆದುಬಿಡುತ್ತದೆ. ಬೆಂಗಳೂರಿನ ನಡುಭಾಗದಲ್ಲಿ ಇದರಿಂದ ದೊಡ್ಡ ಹಾನಿಯಿಲ್ಲ. ನಾಗಲಮಡಿಕೆಯಲ್ಲಿ ಮಾತು ಬೇರೆ.

ಪಾವಗಡ ತಾಲ್ಲೂಕಿನ ಗಡಿಯ ಬಹುಪಾಲು ಆಂಧ್ರಪ್ರದೇಶಕ್ಕೆ ತಾಗಿದೆ. ಇಲ್ಲಿನ ಅಂಚಿನ ಜಮೀನಿಗೆ ನಮ್ಮ ಊರಿಗಿಂತ ಗಡಿಯಾಚೆಯ ಹಳ್ಳಿಯೇ ಹತ್ತಿರವಿರಬಹುದು. ತಿರುಮಣಿ ಸುತ್ತಲಿನ 2,050 ಮೆಗಾವಾಟ್ ಸೌರ ವಿದ್ಯುತ್ ಉದ್ಯಾನವೇ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಹರಡಿದೆ. ಅದನ್ನು ಒಂದೇ ಬಿಂದುವಿಗೆ ಇಳಿಸುವುದಾದರೂ ಹೇಗೆ? ಊರಿನ ಹೆಸರು ತಪ್ಪಿದರೆ ಚಾಲಕನಿಗೊಂದು ಕರೆ ಮಾಡಿದರಾಯಿತು. ಆದರೆ 2017ರ ಜಿಎಸ್‌ಟಿ ವ್ಯವಸ್ಥೆಯಲ್ಲಿ ಸಾಗಣೆಯ ಸರಕಿಗೆ ಪೂರೈಕೆಯ ಸ್ಥಳವೆಂದರೆ ಸಾಮಾನ್ಯವಾಗಿ ಸಾಗಣೆ ಮುಗಿಯುವ ಸ್ಥಳ. ಬಿಲ್ಲಿಗೆ ಆ ಹೆಸರನ್ನೇ ನಂಬಿ ರಾಜ್ಯ ತಪ್ಪಿದರೆ ತೆರಿಗೆಯ ಬಗೆಯೇ ತಪ್ಪುತ್ತದೆ.

ಆದಕಾರಣ ತಂತ್ರಾಂಶ ಕೊಳ್ಳುವ ವರ್ತಕರು ಕೆಲಸದ ಕ್ರಮವನ್ನೇ ಪ್ರಶ್ನಿಸಬೇಕು. ಬಿಂದುವು ಯಾವ ರಾಜ್ಯದ, ಯಾವ ತಾಲ್ಲೂಕಿನ ಗಡಿರೇಖೆಯೊಳಗೆ ಬೀಳುತ್ತದೆಂಬುದನ್ನು ಮೊದಲು ನಿರ್ಧರಿಸಿ, ಬಳಿಕವೇ ಅಲ್ಲಿನ ಊರುಗಳಲ್ಲಿ ಸಮೀಪದ್ದನ್ನು ಹುಡುಕಬೇಕು. ಹೆಸರಿನೊಡನೆ ದೂರವೂ ಮುದ್ರಿತವಾಗಲಿ. ‘ನಾಗಲಮಡಿಕೆ’ ಎನ್ನುವುದಕ್ಕೂ ‘ನಾಗಲಮಡಿಕೆಯಿಂದ 6 ಕಿ.ಮೀ.’ ಎನ್ನುವುದಕ್ಕೂ ಇರುವ ಅಂತರವನ್ನು ಲೆಕ್ಕ ಬರೆಯುವ ಗುಮಾಸ್ತನೂ ಬಲ್ಲ. ಗಡಿಯಂಚಿನ ಹತ್ತು ಜಾಗಗಳಲ್ಲಿ ಪರೀಕ್ಷಿಸಿ ತೋರಿಸಿದ ಮೇಲೆಯೇ ಕೊನೆಯ ಕಂತಿನ ಹಣ ಎಂಬ ಷರತ್ತನ್ನು ಒಪ್ಪಂದದಲ್ಲಿ ಸೇರಿಸಿಕೊಳ್ಳುವುದು ಒಳಿತು.